ಮೇಜಿನ ಮೇಲಿನ ಹೊಡೆದಾಟ

"ಅಕ್ಕಾ, ನೀನು ಟೀಚರು. ನೀನಾದರೂ ಇವನಿಗೆ ಬುದ್ಧಿ ಹೇಳು. ಶನಿವಾರ ಬಂತೆಂದರೆ ಹೊಡಿ, ಬಡಿ, ಗುಂಡು ಹಾರಿಸು. ಬೇರೆ ಮಾತೇ ಇಲ್ಲ" ಎಂದಳು ತಂಗಿ. ಹೋದ ಬೇಸಿಗೆ ರಜೆಯಲ್ಲಿ ನಾನು ನ್ಯೂಜೆರ್ಸಿಯ ಅವಳ ಮನೆಯಲ್ಲಿದ್ದೆ. ಅವಳ ಮಗನಿಗೆ 15 ವರ್ಷ. ಬುದ್ಧಿ ಹೇಳುವುದಕ್ಕೆ ಮೊದಲು ಹುಡುಗ ಮಾಡಿದ ತಪ್ಪೇನೆಂದು ನೋಡಬೇಡವೇ? ಶನಿವಾರ ಊಟದ ಮೇಜಿನ ಮೂಲೆಯಲ್ಲಿ ನಾನೂ ಕುಳಿತೆ. ನೋಡಿದ ಮೇಲೆ ಹೇಳುತ್ತಿದ್ದೇನೆ: ತಂಗಿಯ ದೂರಿನಲ್ಲಿ ಹುರುಳಿಲ್ಲ.

ಆಟದ ಹೆಸರು 'ಫೆಂಗ್ ಶುಯಿ'. ಬಾಗಿಲಿಗೆ ಗಂಟೆ ತೂಗುಹಾಕಿ ನಗುವ ಬುದ್ಧನ ಗೊಂಬೆ ಇಟ್ಟುಕೊಳ್ಳುತ್ತೇವಲ್ಲ, ಅದೇ ಚೀನೀ ವಾಸ್ತುವಿನ ಹೆಸರು. ಕೆನಡಾದ ಲೇಖಕ ರಾಬಿನ್ ಲಾಸ್ ರಚಿಸಿದ ಈ ಆಟ 1996ರಲ್ಲಿ ಹೊರಬಂತು. 2015ರಲ್ಲಿ ಎರಡನೆಯ ಆವೃತ್ತಿ ಬಂತು. ಜಾನ್ ವೂ ನಿರ್ದೇಶಿಸಿದ 'ಹಾರ್ಡ್ ಬಾಯಿಲ್ಡ್'ನಂಥ (1992) ಹಾಂಗ್‌ಕಾಂಗ್ ಸಾಹಸ ಚಿತ್ರಗಳೇ ಇದಕ್ಕೆ ಸ್ಫೂರ್ತಿ. ಒಳ್ಳೆಯ ವಾಸ್ತುವಿನ ಜಾಗ ಯಾರ ಕೈಯಲ್ಲಿದೆಯೋ ಅದೃಷ್ಟ ಅವರದು. ಅಂಥ ಜಾಗಗಳಿಗಾಗಿ ಬೇರೆ ಬೇರೆ ಕಾಲದವರು ಗುಟ್ಟಾಗಿ ನಡೆಸುವ ಯುದ್ಧವೇ ಕಥೆ.

ಇದಕ್ಕೆ ಪರದೆ ಬೇಡ, ಕರೆಂಟು ಬೇಡ. ಒಂದು ಪುಸ್ತಕ, ಪೆನ್ಸಿಲು, ಎರಡು ಬಣ್ಣದ ಎರಡು ದಾಳ ಇದ್ದರಾಯಿತು. ಒಬ್ಬ ಕಥೆ ನಡೆಸುತ್ತಾನೆ. ಉಳಿದವರಿಗೆ ಒಂದೊಂದು ಪಾತ್ರ: ಮೊಂಡ ಪೋಲೀಸ್, ಮುದಿ ಗುರು, ಬಾಡಿಗೆ ಹಂತಕ. ಒಂದು ದಾಳದ ಸಂಖ್ಯೆಯಿಂದ ಇನ್ನೊಂದನ್ನು ಕಳೆದು, ಬಂದದ್ದನ್ನು ಪಾತ್ರದ ಕೌಶಲಕ್ಕೆ ಸೇರಿಸಬೇಕು. ಆರು ಬಿದ್ದರೆ ಮತ್ತೆ ಹಾಕಬೇಕು. ಹಾಗಾಗಿ ಭಾರಿ ಗೆಲುವೂ ಉಂಟು, ಭಾರಿ ಎಡವಟ್ಟೂ ಉಂಟು.

ಆದರೆ ಬರೀ "ಹೊಡೆದೆ" ಎಂದರೆ ರುಚಿಯಿಲ್ಲ. ಹೇಗೆ ಹೊಡೆದೆ ಎಂದು ವರ್ಣಿಸಬೇಕು. ಒಬ್ಬ ಹುಡುಗ ಮೀನಂಗಡಿಯ ಐಸಿನ ಮೇಲೆ ಜಾರಿ, ತಕ್ಕಡಿಯ ಸರಪಳಿ ಹಿಡಿದು ತೂಗಿ, ವೈರಿಯ ಎದೆಗೆ ಒದ್ದ. ಅಲ್ಲಿ ತಕ್ಕಡಿಯಿದೆಯೆಂದು ಯಾರೂ ಹೇಳಿರಲಿಲ್ಲ. ಮೀನಂಗಡಿ ಅಂದಮೇಲೆ ಇರಬೇಕಲ್ಲ ಎಂದು ಎಲ್ಲರೂ ಒಪ್ಪಿದರು! ತಾಳಮದ್ದಳೆ ಕೇಳಿದವರಿಗೆ ಇದರ ಸವಿ ಬೇಗ ಹತ್ತುತ್ತದೆ. ಅಲ್ಲೂ ವೇಷವಿಲ್ಲ, ಕುಣಿತವಿಲ್ಲ, ಕುಳಿತಲ್ಲೇ ಮಾತಿನಲ್ಲಿ ಕುರುಕ್ಷೇತ್ರ. ಪ್ರಬಂಧ ಬರೆಯಿರಿ ಎಂದರೆ ಗೈಡು ತೆರೆಯುವ ಮಕ್ಕಳನ್ನು ಕಂಡೂ ಕಂಡೂ ಬೇಸತ್ತ ನನಗೆ ಹೊಟ್ಟೆಕಿಚ್ಚಾಯಿತು.

"ಹಿಂಸೆ ಕಲಿಯುವುದಿಲ್ಲವೇ?" ಎನ್ನುತ್ತೀರಿ. ಇದು ಹಳೆಯ ಪ್ರಶ್ನೆ. ಈ ಬಗೆಯ ಆಟಗಳಿಗೆಲ್ಲ ಹಿರಿಯಣ್ಣನಾದ 'ಡಂಜನ್ಸ್ ಅಂಡ್ ಡ್ರಾಗನ್ಸ್' 1974ರಲ್ಲಿ ಅಮೆರಿಕದಲ್ಲಿ ಬಂತು. ಮಗನನ್ನು ಕಳೆದುಕೊಂಡ ಪ್ಯಾಟ್ರಿಷಿಯಾ ಪುಲಿಂಗ್ ಎಂಬ ತಾಯಿ 1983ರಲ್ಲಿ ಅದರ ವಿರುದ್ಧ ಒಂದು ಸಂಘವನ್ನೇ ಕಟ್ಟಿದರು. ಆ ತಾಯಿಯ ಸಂಕಟದ ಮುಂದೆ ನಾನು ತಲೆ ಬಾಗುತ್ತೇನೆ. ಆದರೆ ಆಟವೇ ಮಕ್ಕಳನ್ನು ಸಾವಿಗೆ ನೂಕುತ್ತದೆ ಎಂಬ ಆಪಾದನೆ ಕಡೆಗೂ ರುಜುವಾತಾಗಲಿಲ್ಲ. ಅಷ್ಟಕ್ಕೂ, ಹಾಲಿಗೆ ವಿಷ ಬೆರೆಸುವ ಸೊಸೆಯನ್ನು ಟೀವಿಯಲ್ಲಿ ನೋಡುತ್ತ ಮಕ್ಕಳಿಗೆ ತುತ್ತು ತಿನ್ನಿಸುವ ನಾವು ಯಾವ ಬಾಯಲ್ಲಿ ಈ ಮಾತು ಆಡುವುದು?

ನನಗೂ ಒಂದು ತಕರಾರುಂಟು. ಈ ಆಟದಲ್ಲಿ ಹೆಸರಿಲ್ಲದ ಪುಡಿ ರೌಡಿಗಳು ಬರುತ್ತಾರೆ. ಸರಿಯಾಗಿ ಒಂದು ಏಟು ಬಿದ್ದರೆ ಉರುಳಿದರು. ಅವರ ಲೆಕ್ಕ ಇಡುವವರಿಲ್ಲ. ಸಿನಿಮಾದಲ್ಲೂ ಹೀಗೇ ಅಲ್ಲವೇ? ನಾಯಕ ಇಪ್ಪತ್ತು ಮಂದಿಯನ್ನು ಉರುಳಿಸಿ ಹಾಡಿಗೆ ಹೊರಡುತ್ತಾನೆ. ಉರುಳಿದವರಿಗೂ ಮನೆಯಲ್ಲಿ ಕಾಯುವವರಿರುತ್ತಾರೆ ಎಂದು ನಾವು ಯೋಚಿಸಿದ್ದುಂಟೇ?

ಆ ಶನಿವಾರ ಮುದಿ ಗುರುವಿನ ಪಾತ್ರ ಒಬ್ಬ ಹುಡುಗಿಯದು. ರೌಡಿಯೊಬ್ಬ ಬಿದ್ದಾಗ ಅವಳು, "ನಾನು ಇವನ ಪಕ್ಕ ಕೂರುತ್ತೇನೆ. ಇವನ ಹೆಸರೇನು?" ಎಂದಳು. ಕಥೆ ನಡೆಸುತ್ತಿದ್ದ ನನ್ನ ತಂಗಿಯ ಮಗ ತಬ್ಬಿಬ್ಬಾದ. ಪುಸ್ತಕದಲ್ಲಿ ಹೆಸರಿಲ್ಲ. ಸ್ವಲ್ಪ ಹೊತ್ತು ಯೋಚಿಸಿ ಒಂದು ಹೆಸರು ಕೊಟ್ಟ, ಬೇಕರಿಯಲ್ಲಿ ದುಡಿಯುವ ಒಬ್ಬ ತಾಯಿಯನ್ನೂ ಕೊಟ್ಟ. ಅಲ್ಲಿಂದ ಮುಂದೆ ಹುಡುಗರು ಬೇಕರಿ ಹುಡುಕಿಕೊಂಡು ಹೊರಟರು. ಯುದ್ಧ ಹಿಂದೆ ಬಿತ್ತು.

ನನ್ನ ವಾದವೆಲ್ಲ ನಿಂತಿರುವುದು ಇಲ್ಲಿ. ಥಿಯೇಟರಿನಲ್ಲಿ ಆ ಹುಡುಗಿ ಅದನ್ನೇ ಕೇಳಿದ್ದರೆ ಹಿಂದಿನ ಸೀಟಿನವರು "ಶ್!" ಎನ್ನುತ್ತಿದ್ದರು. ನಾವು ಹೆಂಗಸರು ಕಥೆಗಳನ್ನು ನೋಡಿದ್ದೇವೆ, ಅತ್ತಿದ್ದೇವೆ. ನಡುವೆ ಕೈಹಾಕಿ ತಿರುಗಿಸಿದವರಲ್ಲ. ಆ ಮೇಜಿನ ಮುಂದೆ ಅವಳು ತಿರುಗಿಸಿದಳು, ಗಂಡುಹುಡುಗರು ಅವಳ ಹಿಂದೆ ನಡೆದರು.

ತಂಗಿಗೆ ಇದನ್ನೆಲ್ಲ ಹೇಳಿದೆ. "ಓದು ಹಾಳಾದರೆ ನೀನು ಬರುತ್ತೀಯಾ?" ಎಂದಳು. ಅವಳ ಹೆದರಿಕೆ ಸುಳ್ಳಲ್ಲ. ಓದಿಗೆ ಹೊತ್ತು ಗೊತ್ತುಮಾಡಲಿ, ಬೇಡವೆಂದವರಾರು? ಆದರೆ ಆಟದ ಪುಸ್ತಕವನ್ನು ಬೀರುವಿಗೆ ಹಾಕಿ ಬೀಗ ಜಡಿಯುವ ಮೊದಲು ಒಂದೇ ಒಂದು ಶನಿವಾರ ಅವಳೂ ದಾಳ ಹಿಡಿದು ಕೂರಲಿ. ಮುದಿ ಗುರುವಿನ ಪಾತ್ರ ಅವಳಿಗೆ ಚೆನ್ನಾಗಿ ಒಪ್ಪುತ್ತದೆ.