ದನದ ಆಸ್ಪತ್ರೆಯ ಕೆಲಸಗಾರರೂ ಒಂದಾಗಲಿ

ವರ್ಷಕ್ಕೆ ಎರಡಾವರ್ತಿ, ದನಗಳನ್ನು ಮೇಯಲು ಬಿಡುವುದಕ್ಕೆ ಮುಂಚೆ, ಒಬ್ಬ ಮನುಷ್ಯ ಹೆಗಲಿಗೆ ಐಸ್ ಪೆಟ್ಟಿಗೆ ನೇತುಹಾಕಿಕೊಂಡು ನಮ್ಮ ಹಳ್ಳಿಗಳ ಕೇರಿಕೇರಿ ತಿರುಗುತ್ತಾನೆ. ಪೆಟ್ಟಿಗೆಯಲ್ಲಿರುವುದು ಕಾಲುಬಾಯಿ ಜ್ವರದ ಲಸಿಕೆ. 2ರಿಂದ 8 ಡಿಗ್ರಿಯ ತಂಪಿನಲ್ಲಿ ಇಡದಿದ್ದರೆ ಅದು ಕೆಡುತ್ತದೆ. ಆದ್ದರಿಂದ ಬಿಸಿಲೇರುವ ಮೊದಲು ಕೆಲಸ ಮುಗಿಯಬೇಕು. ಹಗ್ಗ ಹಿಡಿಯಲು ಮನೆಯವರು ಬಂದರೆ ಬಂದರು, ಇಲ್ಲದಿದ್ದರೆ ತಾನೇ ಹಿಡಿದು, ಒದೆತ ತಪ್ಪಿಸಿಕೊಂಡು ಸೂಜಿ ಚುಚ್ಚಿ, ಕಿವಿಯೋಲೆ ಇಲ್ಲದ ದನಕ್ಕೆ ಓಲೆ ಹಾಕಿ, ಅದರ ಮೇಲಿನ ಹನ್ನೆರಡು ಅಂಕಿಗಳನ್ನು ಮೊಬೈಲಿನಲ್ಲಿ ದಾಖಲಿಸಿ ಮುಂದಿನ ಮನೆಗೆ ಹೋಗುತ್ತಾನೆ. "ಡಾಕ್ಟ್ರೇ, ನಮ್ಮ ಎಮ್ಮೀನೂ ಒಂಚೂರು ನೋಡಿ ಹೋಗ್ರಿ" ಎಂದು ಆಚೆ ಮನೆಯವರು ಕೂಗುತ್ತಾರೆ. ಆತ ಡಾಕ್ಟರಲ್ಲ. ಹಾಗಾದರೆ ಯಾರು ಎಂದು ಸರ್ಕಾರವನ್ನು ಕೇಳಿದರೆ ಒಂದೇ ಉತ್ತರ ಸಿಗುವುದಿಲ್ಲ.

ಈ ಕೆಲಸ ಮಾಡುವವರಲ್ಲಿ ಮೂರು ತರದವರಿದ್ದಾರೆ. ಪಶುಪಾಲನಾ ಇಲಾಖೆಯಲ್ಲಿ ಖಾಯಮ್ಮಾಗಿರುವ ಪಶುವೈದ್ಯ ಪರೀಕ್ಷಕರು ಮತ್ತು ಸಹಾಯಕರು ಮೊದಲನೆಯವರು. 1962 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಮನೆಬಾಗಿಲಿಗೆ ಬರುವ ಸಂಚಾರಿ ಚಿಕಿತ್ಸಾ ವಾಹನದಲ್ಲಿ ಒಬ್ಬ ವೈದ್ಯ, ಒಬ್ಬ ಚಾಲಕ, ಅವರ ನಡುವೆ ಒಬ್ಬ ಸಹಾಯಕ ಇರುತ್ತಾನೆ. ಗುತ್ತಿಗೆಯ ಮೇಲೆ ದುಡಿಯುವ ಇಂಥವರು ಎರಡನೆಯವರು. ಮೂರನೆಯವರ ಹೆಸರೇ ಮುದ್ದಾಗಿದೆ: 'ಮೈತ್ರಿ'. 2014ರಲ್ಲಿ ಆರಂಭವಾದ ರಾಷ್ಟ್ರೀಯ ಗೋಕುಲ ಮಿಷನ್ನಿನ ಅಡಿಯಲ್ಲಿ ಹಳ್ಳಿಯ ನಿರುದ್ಯೋಗಿ ಯುವಕರಿಗೆ ಮೂರು ತಿಂಗಳು ಕೃತಕ ಗರ್ಭಧಾರಣೆಯ ತರಬೇತಿ ಕೊಡುತ್ತಾರೆ. ತಲೆಗೆ 31,000 ರೂಪಾಯಿಯವರೆಗೆ ತರಬೇತಿಯ ಖರ್ಚು, 50,000 ರೂಪಾಯಿಯವರೆಗೆ ಸಲಕರಣೆಯ ಖರ್ಚು ಸರ್ಕಾರದ್ದು. ಅನಂತರ ಆ ಯುವಕ ರೈತರಿಂದ ದುಡ್ಡು ಪಡೆದು ತನ್ನ ಹೊಟ್ಟೆ ತಾನೇ ಹೊರೆದುಕೊಳ್ಳಬೇಕು. ಇದಕ್ಕೆ 'ಸ್ವಾವಲಂಬನೆ' ಎಂದು ಹೆಸರು. ಸಂಬಳವಿಲ್ಲ, ರಜೆಯಿಲ್ಲ, ಪಿಂಚಣಿಯಿಲ್ಲ ಎಂಬುದಕ್ಕೆ ಸರ್ಕಾರಿ ಕಾಗದದಲ್ಲಿ ಇಷ್ಟು ಚೆಂದದ ಪದ ಇರುವುದು ನಮಗೆ ಗೊತ್ತಿರಲಿಲ್ಲ.

ಗಿರಣಿಯ ಕೆಲಸಗಾರರಿಗೆ ದನದ ಮಾತು ಏಕೆ ಎಂದು ಓದುಗರು ಕೇಳಬಹುದು. ಪಾಳಿ ಮುಗಿಸಿ ಸೈಕಲ್ಲಿನಲ್ಲಿ ಹಳ್ಳಿಗೆ ಮರಳುವ ನಮ್ಮ ಎಷ್ಟೋ ಬಂಧುಗಳ ಮನೆಯಲ್ಲಿ ಒಂದು ಹಸುವೋ ಎಮ್ಮೆಯೋ ಇದೆ. ಗಿರಣಿಯ ಬಾಗಿಲು ಮುಚ್ಚಿದ ತಿಂಗಳುಗಳಲ್ಲಿ ಒಲೆ ಉರಿದದ್ದು ಹಾಲಿನ ಬಟವಾಡೆಯಿಂದ. ಬೂಸಾ, ಹಿಂಡಿ ಮಾರುವ ಅಂಗಡಿಯವರ ಉದ್ರಿ ಪುಸ್ತಕ ತೆಗೆದು ನೋಡಿ; ಬಟವಾಡೆಯಾದ ದಿನವೇ ಸಾಲ ತೀರುವುದು. 2019ರ ಜಾನುವಾರು ಗಣತಿಯಂತೆ ಕರ್ನಾಟಕದಲ್ಲಿ ಸುಮಾರು 85 ಲಕ್ಷ ದನ, ಸುಮಾರು 30 ಲಕ್ಷ ಎಮ್ಮೆಗಳಿದ್ದವು. ಬೆದೆಗೆ ಬಂದ ಹಸುವಿಗೆ ಸಕಾಲದಲ್ಲಿ ಗರ್ಭಧಾರಣೆ ಆಗದಿದ್ದರೆ ಮತ್ತೆ 21 ದಿನ ಕಾಯಬೇಕು. ಆ ದಿನಗಳ ಮೇವು ದಂಡ, ಹಾಲೂ ಅಷ್ಟು ದಿನ ಮುಂದಕ್ಕೆ. ಶೂನ್ಯಕ್ಕಿಂತ 196 ಡಿಗ್ರಿ ಕೆಳಗಿನ ತಂಪಿನ ನೈಟ್ರೋಜನ್ನಿನಲ್ಲಿಟ್ಟ ವೀರ್ಯದ ನಳಿಕೆಯನ್ನು ತೆಗೆದು, ಬೆಚ್ಚಗಿನ ನೀರಿನಲ್ಲಿ ಸರಿಯಾದಷ್ಟೇ ಹೊತ್ತು ಅದ್ದಿ, ಸರಿಯಾದ ಜಾಗಕ್ಕೆ ಸೇರಿಸುವುದು ಕೈಚಳಕದ ಕೆಲಸ. ನೂಲು ಹರಿಯದಂತೆ ಮಗ್ಗ ನಡೆಸುವವರಿಗೆ ಕೈಯ ಬೆಲೆ ಏನೆಂದು ಹೇಳಿಕೊಡಬೇಕಾಗಿಲ್ಲ.

ಈ ಕೆಲಸದಲ್ಲಿ ಅಪಾಯವೂ ಇದೆ. ದನಗಳಲ್ಲಿ ಕಂದು ಹಾಕಿಸುವ ಬ್ರುಸೆಲ್ಲಾ ರೋಗಕ್ಕೆ ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಲಸಿಕೆ ಹಾಕುತ್ತಾರೆ. ಅದು ಜೀವಂತ ರೋಗಾಣುವಿನಿಂದ ಮಾಡಿದ ಲಸಿಕೆ. ಕರು ಕೊಸರಾಡಿ ಸೂಜಿ ಕೈಗೆ ಚುಚ್ಚಿಕೊಂಡರೆ ಮನುಷ್ಯನಿಗೇ ರೋಗ ಅಂಟಬಹುದು. ಬಿಟ್ಟು ಬಿಟ್ಟು ಬರುವ ಜ್ವರ, ಕೀಲುನೋವು. ಕೆಲವರನ್ನು ವರ್ಷಗಟ್ಟಲೆ ಹಾಸಿಗೆಗೆ ಹಚ್ಚುತ್ತದೆ. ಕಂದು ಹಾಕಿದ ಹಸುವಿನ ಮಾಸು ತೆಗೆಯುವಾಗಲೂ ಇದೇ ಭಯ.

ಕಾನೂನಿಗೆ ಇದು ಗೊತ್ತಿಲ್ಲವೆಂದಲ್ಲ. ಕೆಲಸದಿಂದ ಬರುವ ರೋಗಗಳ ಪಟ್ಟಿಯೊಂದು 1923ರ ನೌಕರರ ಪರಿಹಾರ ಕಾಯ್ದೆಯಲ್ಲಿತ್ತು. ಆ ಕಾಯ್ದೆಯ ಜಾಗಕ್ಕೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೆ. ಹತ್ತಿಯ ದೂಳಿನಿಂದ ಶ್ವಾಸಕೋಶಕ್ಕೆ ಬರುವ ಬಿಸಿನೋಸಿಸ್, ಅಂದರೆ ನಮ್ಮ ಗಿರಣಿಯವರ ದಮ್ಮು, ಆ ಪಟ್ಟಿಯಲ್ಲಿದೆ. ಪಶುವೈದ್ಯ ಕೆಲಸದಲ್ಲಿ ಅಂಟುವ ರೋಗಗಳೂ ಅದೇ ಪಟ್ಟಿಯಲ್ಲಿವೆ. ಹತ್ತಿಯ ಕೈಯೂ ದನದ ಕೈಯೂ ಒಂದೇ ಹಾಳೆಯ ಮೇಲೆ ಕೂತಿವೆ. ಆದರೆ ಪರಿಹಾರ ಕೇಳಬೇಕಾದರೆ ಕೊಡುವ ಯಜಮಾನ ಬೇಕಲ್ಲ! 'ಮೈತ್ರಿ' ಯುವಕನಿಗೆ ಯಜಮಾನ ಯಾರು? ಸೂಜಿ ಚುಚ್ಚಿಕೊಂಡ ಕೈ ಆತನದು, ಆಸ್ಪತ್ರೆಯ ಬಿಲ್ಲೂ ಆತನದೇ.

ಯಜಮಾನನಿಲ್ಲದವರು ಸಂಘ ಕಟ್ಟುವುದು ಹೇಗೆ ಎಂದು ಹಿಂಜರಿಯುವವರಿಗೆ ನಾವು ಅಹಮದಾಬಾದಿನ ಕಥೆ ಹೇಳಬೇಕು; ಅದು ಗಿರಣಿಯ ಅಂಗಳದಲ್ಲೇ ಹುಟ್ಟಿದ ಕಥೆ. ಅಲ್ಲಿನ ಬಟ್ಟೆ ಗಿರಣಿ ಕಾರ್ಮಿಕರ ಸಂಘದ ಮಹಿಳಾ ವಿಭಾಗದಲ್ಲಿದ್ದ ಇಳಾ ಭಟ್ ಅವರು ತಲೆಹೊರೆಯವರು, ಗಾಡಿ ಎಳೆಯುವವರು, ಹಳೆ ಬಟ್ಟೆ ಮಾರುವವರು ಮೊದಲಾದ ಹೆಂಗಸರನ್ನು ಸೇರಿಸಿ 'ಸೇವಾ' ಎಂಬ ಸಂಘ ಕಟ್ಟಿದರು. ನೋಂದಾಯಿಸಲು ಹೋದಾಗ ಕಾರ್ಮಿಕ ಇಲಾಖೆ ಒಪ್ಪಲಿಲ್ಲ. ನಿಮಗೆ ಮಾಲೀಕರೇ ಇಲ್ಲ, ಯಾರ ವಿರುದ್ಧ ಹೋರಾಡುತ್ತೀರಿ ಎಂಬುದು ಅಧಿಕಾರಿಗಳ ಪ್ರಶ್ನೆ. ಸಂಘ ಇರುವುದು ಯಾರದೋ ವಿರುದ್ಧ ಎಂದಲ್ಲ, ದುಡಿಯುವವರು ಒಟ್ಟಾಗಲಿಕ್ಕೆ ಎಂದು ಆ ಹೆಂಗಸರು ವಾದಿಸಿದರು. 1972ರ ಏಪ್ರಿಲಿನಲ್ಲಿ ನೋಂದಣಿಯಾಯಿತು. (1981ರಲ್ಲಿ ಅದೇ ಗಿರಣಿ ಸಂಘ ಇವರನ್ನು ಹೊರಹಾಕಿತು. ತಾಯಿಸಂಘಗಳೂ ತಪ್ಪು ಮಾಡುತ್ತವೆ, ನಾವೂ ನೆನಪಿಡಬೇಕು.) ತಲೆಹೊರೆಯ ಹೆಂಗಸರು ಗೆದ್ದ ವಾದವನ್ನು ಐಸ್ ಪೆಟ್ಟಿಗೆ ಹೊರುವವರು ಮತ್ತೆ ಹೊಸದಾಗಿ ಹೂಡಬೇಕಾಗಿಲ್ಲ.

ಕೂಲಿಯ ಮಾತು ಇಷ್ಟು. ಕಸುಬಿನ ಮಾನದ ಮಾತು ಬೇರೆಯೇ ಇದೆ. ನಮ್ಮ ರಾಜ್ಯದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾನಿಲಯದ ಕೈಕೆಳಗೆ ಎರಡು ವರ್ಷದ ಪಶುಸಂಗೋಪನಾ ಡಿಪ್ಲೊಮಾ ಇದೆ. ಅದನ್ನು ಮುಗಿಸಿದವನಿಗೂ ಮೂರು ತಿಂಗಳು ಕಲಿತವನಿಗೂ ಹಳ್ಳಿಯಲ್ಲಿ ವ್ಯತ್ಯಾಸ ಕಾಣುವುದಿಲ್ಲ. 1984ರ ಭಾರತೀಯ ಪಶುವೈದ್ಯ ಪರಿಷತ್ತಿನ ಕಾಯ್ದೆ ಚಿಕಿತ್ಸೆಯ ಹಕ್ಕನ್ನು ನೋಂದಾಯಿತ ವೈದ್ಯರಿಗೆ ಮೀಸಲಿಟ್ಟಿದೆ. ರಾಜ್ಯ ಸರ್ಕಾರ ಆಜ್ಞೆ ಹೊರಡಿಸಿದರೆ ಡಿಪ್ಲೊಮಾ ಅಥವಾ ಸರ್ಟಿಫಿಕೇಟು ಇರುವ ಸಹಾಯಕರು ವೈದ್ಯರ ಮೇಲ್ವಿಚಾರಣೆಯಲ್ಲಿ 'ಸಣ್ಣಪುಟ್ಟ ಪಶುವೈದ್ಯ ಸೇವೆ' ಮಾಡಬಹುದು ಎಂದು ಅದರ 30ನೆಯ ಕಲಮು ಹೇಳುತ್ತದೆ. ಕೇಂದ್ರದ ಈ ಕಾಯ್ದೆಯಲ್ಲಿ ವೈದ್ಯರಿಗೆ ರಿಜಿಸ್ಟರ್ ಉಂಟು, ಪರಿಷತ್ತು ಉಂಟು. ಸಹಾಯಕರಿಗೆ ಎರಡೂ ಇಲ್ಲ. ಮನುಷ್ಯರ ಆಸ್ಪತ್ರೆಯ ಲ್ಯಾಬು, ಎಕ್ಸ್-ರೇ ಕೆಲಸಗಾರರಿಗಾಗಿ 2021ರಲ್ಲಿ ಪಾರ್ಲಿಮೆಂಟು ಪ್ರತ್ಯೇಕ ಕಾಯ್ದೆ ಮಾಡಿತು. ದನದ ಆಸ್ಪತ್ರೆಯವರು ಅದರ ಹೊರಗೇ ಉಳಿದರು.

ಇಲ್ಲಿ ವೈದ್ಯರ ಅಭ್ಯಂತರವನ್ನು ನಾವು ಹಗುರವಾಗಿ ತಳ್ಳಿಹಾಕುವುದಿಲ್ಲ. ಸಹಾಯಕರಿಗೆ ಸದರ ಕೊಟ್ಟರೆ ನಕಲಿ ವೈದ್ಯರು ಹೆಚ್ಚುತ್ತಾರೆ ಎಂದು ಅವರು ಹೇಳುತ್ತಾರೆ. ಕೆಚ್ಚಲುಬಾವಿಗೆ ಯಾರೋ ಒಬ್ಬರು ಕೈಗೆ ಸಿಕ್ಕಿದ ಆಂಟಿಬಯೋಟಿಕ್ ಚುಚ್ಚಿ, ಮರುದಿನವೇ ಆ ಹಾಲು ಡೇರಿಗೆ ಹೋಗುವುದುಂಟು. ಆ ಹಾಲು ಕುಡಿಯುವುದು ನಮ್ಮ ಮಕ್ಕಳೇ. ಆದ್ದರಿಂದ ಸಹಾಯಕರ ಸಂಘ ಕಟ್ಟುವವರಿಗೆ ನಮ್ಮದೊಂದು ಕಟುವಾದ ಮಾತು: ತಮ್ಮ ಕೆಲಸದ ಎಲ್ಲೆ ಎಲ್ಲಿಗೆ ಎಂಬುದನ್ನು ಸಂಘವೇ ಮೊದಲು ಬರೆದುಕೊಳ್ಳಲಿ, ಎಲ್ಲೆ ದಾಟಿದವನನ್ನು ಸಂಘದ ಕಾರ್ಡು ಕೊಟ್ಟು ಕಾಪಾಡುವುದು ಬೇಡ. ಹಾಗೆಯೇ ವೈದ್ಯರಿಗೂ ಒಂದು ಮಾತು. ನಕಲಿಗಳನ್ನು ತಡೆಯುವ ಉಪಾಯ ಅಸಲಿಗಳ ಹೆಸರನ್ನು ರಿಜಿಸ್ಟರಿನಲ್ಲಿ ಬರೆಯುವುದು. ಬರೆಯಲು ಬಿಡದೆ, ಎಲ್ಲರೂ ನಕಲಿಗಳು ಎನ್ನುವುದು ಯಾವ ನ್ಯಾಯ?

ಈ ಜಗಳ ನಮ್ಮಲ್ಲಿ ಮಾತ್ರ ಇರುವುದಲ್ಲ. ಇಂಗ್ಲೆಂಡಿನಲ್ಲಿ 1961ರಲ್ಲಿ ಪಶುವೈದ್ಯರ ಸಹಾಯಕಿಯರಿಗೆ ತರಬೇತಿ, ಪರೀಕ್ಷೆ, ರಿಜಿಸ್ಟರ್ ಏರ್ಪಟ್ಟವು. ಆದರೆ 'ನರ್ಸ್' ಎಂಬ ಹೆಸರನ್ನು ಕಾನೂನು ಮನುಷ್ಯರ ದಾದಿಯರಿಗೆ ಮೀಸಲಿಟ್ಟಿತ್ತು. ಇವರು 'ಶುಶ್ರೂಷಾ ಸಹಾಯಕರು' ಎನಿಸಿಕೊಂಡರು. 1965ರಲ್ಲಿ ಅವರದೇ ಸಂಘವಾಯಿತು. ನರ್ಸ್ ಎಂಬ ಒಂದು ಪದ ಸಿಕ್ಕಲು 1984 ಬರಬೇಕಾಯಿತು. ಮೂವತ್ತು ವರ್ಷ ಪಟ್ಟುಹಿಡಿದದ್ದಕ್ಕೆ, 1991ರಲ್ಲಿ, ವೈದ್ಯರ ನಿರ್ದೇಶನದಲ್ಲಿ ಕೆಲವು ಚಿಕಿತ್ಸೆಗಳನ್ನು ಮಾಡುವ ಹಕ್ಕೂ ಬಂತು.

ಹೆಸರು ಬಂತು, ಹೊಟ್ಟೆ ತುಂಬಲಿಲ್ಲ. ಅಷ್ಟರಲ್ಲಿ ದೊಡ್ಡ ಕಂಪನಿಗಳು ಊರೂರಿನ ಚಿಕಿತ್ಸಾಲಯಗಳನ್ನು ಕೊಳ್ಳತೊಡಗಿದ್ದವು. ದೊಡ್ಡ ಗುಂಪುಗಳ ಕೈಯಲ್ಲಿ 2013ರಲ್ಲಿ ಶೇಕಡ 10ರಷ್ಟು ಚಿಕಿತ್ಸಾಲಯಗಳಿದ್ದರೆ 2024ರ ಹೊತ್ತಿಗೆ ಸುಮಾರು 60 ಆಗಿತ್ತು ಎಂದು ಅಲ್ಲಿನ ಸ್ಪರ್ಧಾ ಪ್ರಾಧಿಕಾರವೇ ಹೇಳಿದೆ. 2024ರ ಜುಲೈಯಲ್ಲಿ ವೇಲ್ಸಿನಲ್ಲಿ ಅಂಥ ಒಂದು ಸಂಸ್ಥೆಯ ಕೆಲಸಗಾರರು ಸಂಬಳಕ್ಕಾಗಿ ಮುಷ್ಕರ ಹೂಡಿದರು. ಆ ದೇಶದ ಪಶುವೈದ್ಯ ಕ್ಷೇತ್ರದಲ್ಲಿ ಅದೇ ಮೊದಲನೆಯ ಮುಷ್ಕರವೆಂದು ವರದಿಯಾಯಿತು. ನಮ್ಮ ಗಮನ ಸೆಳೆದದ್ದು ಬೇರೆ ಸಂಗತಿ: ಬಾಗಿಲ ಮುಂದೆ ವೈದ್ಯರೂ ನರ್ಸುಗಳೂ ಒಂದೇ ಸಾಲಿನಲ್ಲಿ ನಿಂತಿದ್ದರು.

ನಮ್ಮಲ್ಲಿ ಆ ಸಾಲು ಇನ್ನೂ ಮೂಡಿಲ್ಲ. ಖಾಯಂ ನೌಕರರು ಬಡ್ತಿಯ ಅರ್ಜಿ ಹಿಡಿದು ಒಂದು ಕಡೆ, ಗುತ್ತಿಗೆಯವರು ಬಾಕಿ ಸಂಬಳಕ್ಕೆ ಇನ್ನೊಂದು ಕಡೆ, 'ಮೈತ್ರಿ'ಯವರು ನೈಟ್ರೋಜನ್ ಡಬ್ಬಿ ಹೊತ್ತು ಮತ್ತೊಂದು ಕಡೆ. ಹಳ್ಳಿಯ ಹೆಣ್ಣುಮಕ್ಕಳಾದ ಪಶುಸಖಿಯರನ್ನು ಈ ಮೂವರೂ ಲೆಕ್ಕಕ್ಕೆ ಹಿಡಿದಂತಿಲ್ಲ. ಖಾಯಮ್ಮಿನವರಿಗೆ ನಾವು ಹೇಳಬಯಸುವುದು ಇದು: ಗಿರಣಿಯಲ್ಲಿ ಬದಲಿ ಕೆಲಸಗಾರರನ್ನು ಸಂಘದ ಹೊರಗಿಟ್ಟವರು ಏನು ಕಂಡರು? ನಾಲ್ಕು ವರ್ಷದಲ್ಲಿ ಮಗ್ಗಗಳ ಮುಂದೆ ಬದಲಿಗಳೇ ನಿಂತಿದ್ದರು, ಖಾಯಮ್ಮಿನವರು ಗೇಟಿನ ಆಚೆ. ನಿಮ್ಮಲ್ಲಿ ನಿವೃತ್ತರಾದವರ ಕುರ್ಚಿಗೆ ನಾಳೆ ಯಾರನ್ನು, ಯಾವ ಷರತ್ತಿನ ಮೇಲೆ ತರುತ್ತಾರೆ ಎಂದು ಒಮ್ಮೆ ಯೋಚಿಸಿ.

ಸರ್ಕಾರದ ಮುಂದಿಡಬೇಕಾದ ಬೇಡಿಕೆಗಳು ಕಷ್ಟದವಲ್ಲ. ರಾಜ್ಯವೇ ಒಂದು ರಿಜಿಸ್ಟರ್ ತೆರೆಯಲಿ. ಮೂರು ತಿಂಗಳು ಕಲಿತವನಿಗೆ ರಜೆಯ ಕಾಲದಲ್ಲಿ ಕಲಿತು ಡಿಪ್ಲೊಮಾ ಹತ್ತುವ ಮೆಟ್ಟಿಲು ಇರಲಿ. ಲಸಿಕೆಯ ಆಂದೋಲನಕ್ಕೆ ಕರೆದ ದಿನಗಳಿಗೆ ದಿನಗೂಲಿ ನಿಗದಿಯಾಗಲಿ. 2019ರಲ್ಲಿ ಆರಂಭಿಸಿದ ಆಂದೋಲನದಿಂದ 2030ರೊಳಗೆ ಕಾಲುಬಾಯಿ ಜ್ವರವನ್ನು ದೇಶದಿಂದ ಓಡಿಸುವೆವೆಂದು ಕೇಂದ್ರ ಹೇಳಿದೆ. ಓಡಿಸುವ ಕೈಗಳಿಗೆ ಕೂಲಿ ಎಷ್ಟೆಂದೂ ಹೇಳಲಿ. ಸೂಜಿ ಚುಚ್ಚಿಕೊಂಡವರ, ಒದೆತ ತಿಂದವರ ಚಿಕಿತ್ಸೆಯ ಖರ್ಚನ್ನು, ಖಾಯಂ ಗುತ್ತಿಗೆ ಎಂಬ ಭೇದವಿಲ್ಲದೆ, ಇಲಾಖೆ ಹೊರಲಿ.

ನಮ್ಮ ಓದುಗರು ಮಾಡಬಹುದಾದ ಕೆಲಸವೂ ಇದೆ. ಮುಂದಿನ ಸಲ ಲಸಿಕೆಯವನು ಬಂದಾಗ ಹಗ್ಗ ಹಿಡಿಯಿರಿ. ನಿಮಗೆ ತಿಂಗಳಿಗೆ ಎಷ್ಟು ಸಿಗುತ್ತದೆ, ಯಾರು ಕೊಡುತ್ತಾರೆ ಎಂದು ಕೇಳಿ. ಹಾಲಿನ ಸಂಘದ ಸದಸ್ಯರಾಗಿರುವವರು ವಾರ್ಷಿಕ ಸಭೆಯಲ್ಲಿ ಈ ಪ್ರಶ್ನೆ ಎತ್ತಿ. ಪಶು ಆಸ್ಪತ್ರೆಯ ಸಹಾಯಕರಾಗಲಿ 'ಮೈತ್ರಿ'ಯವರಾಗಲಿ ಪಶುಸಖಿಯರಾಗಲಿ, ಒಟ್ಟು ಸೇರಿ ಮಾತಾಡಲು ಜಾಗ ಬೇಕೆಂದರೆ ನಮ್ಮ ಕಚೇರಿಯ ಹಿಂದಿನ ಕೋಣೆ ಸಂಜೆ ಪಾಳಿ ಬಿಟ್ಟ ಮೇಲೆ ತೆರೆದಿರುತ್ತದೆ. ಅರ್ಜಿ ಬರೆದುಕೊಡುವವರೂ ಇದ್ದಾರೆ.