ಗೆಲುವಿನ ಬಾಯಾರಿಕೆ

ತಲಘಟ್ಟಪುರದ ನಮ್ಮ ಬೀದಿಯಲ್ಲಿ ಮೊನ್ನೆ ಭಾನುವಾರ ಸಂಜೆ ಒಂದು ಸಣ್ಣ ದುರಂತ ನಡೆಯಿತು. ನೆರೆಮನೆಯ ಹದಿಮೂರರ ಹುಡುಗ ಕರಾಟೆ ಪಂದ್ಯದಲ್ಲಿ ಸೋತು ಬಂದವನೇ ಸೊಂಟದ ಬೆಲ್ಟನ್ನು ಬಿಚ್ಚಿ ಕಾಂಪೌಂಡಿನಾಚೆಗೆ ಎಸೆದುಬಿಟ್ಟನು. ಅದು ಬಿದ್ದದ್ದು ನಮ್ಮ ತುಳಸಿಕಟ್ಟೆಯ ಮೇಲೆ. ಹಿಂದಿರುಗಿಸಲು ಹೋದಾಗ ಅವನ ತಾಯಿ ಹೇಳಿದರು: "ಹೋದ ವರ್ಷ ಕಂಚಿನ ಪದಕ ಬಂದಾಗಲೂ ಹೀಗೆಯೇ ಅತ್ತಿದ್ದ, ಮೇಷ್ಟ್ರೇ. ಬೆಳ್ಳಿಯದು ಬರಲಿಲ್ಲವಂತೆ."

ಸೋತರೂ ಅಳು, ಗೆದ್ದರೂ ಅಳು! ದುಃಖಕ್ಕೆ ಕಾರಣವೆಂದು ಬುದ್ಧನು ಹೇಳಿದ ತೃಷ್ಣೆಯೆಂಬ ಶಬ್ದದ ಅರ್ಥವೇ ಬಾಯಾರಿಕೆ. ಅದರಲ್ಲಿ ಮೂರು ಬಗೆ: ಇಂದ್ರಿಯಸುಖದ ತೃಷ್ಣೆ, ನಾನು ಇಂಥವನಾಗಬೇಕೆಂಬ ಭವತೃಷ್ಣೆ, ಇದು ಇಲ್ಲವಾಗಲಿ ಎಂಬ ವಿಭವತೃಷ್ಣೆ. ಅಖಾಡಕ್ಕೆ ಇಳಿಯುವವನನ್ನು ಹೆಚ್ಚಾಗಿ ಕಾಡುವುವು ಕಡೆಯ ಎರಡು.

ಇದನ್ನು ತರಗತಿಯ ಧಾಟಿಯಲ್ಲಿಯೇ (ಹಾಳು ಅಭ್ಯಾಸ!) ಹುಡುಗನಿಗೆ ಬಿತ್ತರಿಸಿದೆ. ಅವನು ಕಣ್ಣೊರೆಸಿಕೊಂಡು ಕೇಳಿದನು: "ಗೆಲ್ಲಬೇಕೆಂಬ ಆಸೆಯೇ ಇಲ್ಲದಿದ್ದರೆ ಬೆಳಗಿನ ಐದು ಗಂಟೆಗೆ ನಾನೇಕೆ ಏಳಬೇಕು, ಮೇಷ್ಟ್ರೇ?"

ಪ್ರಶ್ನೆ ಹಳೆಯದು. ಕೌಶಾಂಬಿಯ ಘೋಷಿತಾರಾಮದಲ್ಲಿ ಉಣ್ಣಾಭನೆಂಬ ಬ್ರಾಹ್ಮಣನು ಆನಂದನನ್ನು ಕೇಳಿದ್ದೂ ಹೆಚ್ಚುಕಡಿಮೆ ಇದನ್ನೇ: ಆಸೆಯಿಂದಲೇ ಆಸೆಯನ್ನು ಕಳೆಯಹೊರಟರೆ ಅದಕ್ಕೆ ಕೊನೆಯೆಲ್ಲಿ? ಆನಂದನು ಮರುಪ್ರಶ್ನೆ ಹಾಕಿದನು. ಈ ಆರಾಮಕ್ಕೆ ಬರಬೇಕೆಂಬ ಆಸೆ ಅವನಿಗೆ ಮೊದಲು ಇತ್ತಲ್ಲವೆ, ಬಂದು ಸೇರಿದ ಮೇಲೆ ಅದು ಅಡಗಲಿಲ್ಲವೆ, ಎಂದು. 2021ರಿಂದ ನಮ್ಮೂರಿಗೂ ಮೆಟ್ರೋ ರೈಲು ಬರುತ್ತಿದೆ. ಜಯನಗರದಲ್ಲಿ ಹತ್ತುವಾಗ ಊರು ಸೇರುವ ಆತುರ ಎಷ್ಟಿದ್ದರೂ ತಲಘಟ್ಟಪುರದಲ್ಲಿ ಇಳಿದೊಡನೆ ಅದು ತೀರುತ್ತದೆ. ಆನಂದನು ಇಂಥ ಆಸೆಗೆ ಬಳಸಿದ ಪಾಲಿ ಶಬ್ದ ಛಂದ. ಕಂಚು ಕೈಗೆ ಬಂದ ಗಳಿಗೆಯಲ್ಲಿಯೇ ಬೆಳ್ಳಿಗೆ ಬಾಯಿಬಿಡುವುದಾದರೋ ತೃಷ್ಣೆ.

ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ಜಟ್ಟಿಗಳು ನಡೆಸುವ ವಜ್ರಮುಷ್ಟಿ ಕಾಳಗವನ್ನು ಒಬ್ಬನ ತಲೆಯಿಂದ ರಕ್ತ ಚಿಮ್ಮಿದೊಡನೆ ನಿಲ್ಲಿಸಿಬಿಡುತ್ತಾರೆ. ಅದು ಬೌದ್ಧ ಪದ್ಧತಿಯಲ್ಲ, ನಿಜ. ಆದರೆ ಎಲ್ಲಿ ನಿಲ್ಲಬೇಕೆಂಬುದು ಅಲ್ಲಿ ಮೊದಲೇ ಗೊತ್ತು.

ಇಷ್ಟರಿಂದ ಬುದ್ಧನು ಕಾಳಗವನ್ನು ಮೆಚ್ಚಿದನೆಂದು ತಿಳಿಯಬಾರದು. ಯುದ್ಧದಲ್ಲಿ ಮಡಿದವನಿಗೆ ಸ್ವರ್ಗವುಂಟೆ ಎಂದು ಯೋಧರ ಮುಖಂಡನೊಬ್ಬನು ಕೇಳಿದಾಗ, ಆ ಮಾತು ಬೇಡವೆಂದು ಎರಡು ಬಾರಿ ತಡೆದನು. ಮೂರನೆಯ ಬಾರಿ ಹೇಳಿಯೇಬಿಟ್ಟನು: ಎದುರಿನವರು ಸಾಯಲಿ ಎಂಬ ಮನಸ್ಸಿನಿಂದ ಹೋರಾಡಿ ಮಡಿದವನಿಗೆ ನರಕವೇ ಗತಿ. ಮುಖಂಡನು ಅತ್ತನು. ಬುದ್ಧನ ಮಾತಿಗಾಗಿ ಅಲ್ಲ. ಹಿಂದಿನ ಗುರುಗಳು ತನ್ನನ್ನು ಇಷ್ಟುಕಾಲ ವಂಚಿಸಿದರಲ್ಲಾ ಎಂದು. ಝೆನ್ ಧ್ಯಾನವನ್ನು ಕತ್ತಿಗೆ ಹಿಡಿಯುವ ಸಾಣೆಯೆಂಬಂತೆ ಹೊಗಳುವ ಪುಸ್ತಕಗಳನ್ನು ಓದುವಾಗಲೆಲ್ಲ ನನಗೆ ಆ ಅಳು ನೆನಪಾಗುತ್ತದೆ.

ಈ ಕಥೆಯನ್ನು ಹುಡುಗನಿಗೆ ಹೇಳಲಿಲ್ಲ. ಗೆದ್ದವನ ಹೆಸರೇನೆಂದು ಮಾತ್ರ ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. "ಆದರೆ ಒದೆತ ಮಾತ್ರ ಚೆನ್ನಾಗಿತ್ತು, ಮೇಷ್ಟ್ರೇ" ಎಂದನು. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಅಂಗಳದಲ್ಲಿ ಒಬ್ಬನೇ ಅದೇ ಒದೆತವನ್ನು ಅಭ್ಯಾಸ ಮಾಡುತ್ತಿದ್ದನು. ಸೊಂಟದ ಬೆಲ್ಟಿಗೆ ತುಳಸಿಕಟ್ಟೆಯ ಮಣ್ಣು ಇನ್ನೂ ಮೆತ್ತಿಕೊಂಡಿತ್ತು.