ಕೊರಳ ಗಂಟು: ಅಂಜಿಕೆಯೂ ಬೇಡ, ಅಸಡ್ಡೆಯೂ ಬೇಡ

ಹೊಸೂರು, ತಳಿ, ಡೆಂಕಣಿಕೋಟೆಗಳ ನಮ್ಮ ಕನ್ನಡ ಮನೆಗಳಲ್ಲಿ ಹೆಣ್ಣುಮಗಳ ಕೊರಳಲ್ಲಿ ಗಂಟು ಕಂಡರೆ ಸಾಮಾನ್ಯವಾಗಿ ಎರಡರಲ್ಲೊಂದು ನಡೆಯುತ್ತದೆ. ಒಂದೋ, ಮದುವೆಗೆ ಅಡ್ಡಿಯಾದೀತೆಂದು ಸೆರಗು ಮುಚ್ಚಿ ವರ್ಷಗಟ್ಟಲೆ ಸುಮ್ಮನಿರುವುದು. ಇಲ್ಲವೇ ಕ್ಯಾನ್ಸರೇ ಎಂದು ಹೌಹಾರಿ, ಸಾಲಸೋಲ ಮಾಡಿ ಬೆಂಗಳೂರಿಗೆ ಓಡುವುದು. ಎರಡೂ ಸರಿಯಲ್ಲ.

ಥೈರಾಯ್ಡ್ ಗಂಟುಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಕ್ಯಾನ್ಸರ್ ಅಲ್ಲ. ಕ್ಯಾನ್ಸರ್ ಆದರೂ ಬಹುಪಾಲು ನಿಧಾನವಾಗಿ ಬೆಳೆಯುವ, ಸಕಾಲದ ಶಸ್ತ್ರಚಿಕಿತ್ಸೆಯಿಂದ ಗುಣವಾಗುವ ಬಗೆಯದು. ಗಂಡಸರಿಗಿಂತ ಹೆಂಗಸರಲ್ಲಿ ಇದು ಸುಮಾರು ಮೂರು ಪಟ್ಟು ಹೆಚ್ಚು.

ಇದನ್ನು ಪೂರ್ತಿ ತಡೆಯುವ ಉಪಾಯವಿಲ್ಲವಾದರೂ ನಮ್ಮ ಕೈಯಲ್ಲಿರುವುದು ಸ್ವಲ್ಪವಿದೆ. ಬಾಲ್ಯದಲ್ಲಿ ಕೊರಳಿಗೆ ತಾಗುವ ವಿಕಿರಣ ಇದಕ್ಕೆ ಖಚಿತವಾದ ಕಾರಣ. 1986ರ ಚೆರ್ನೋಬಿಲ್ ದುರಂತದ ಬಳಿಕ, ವಿಕಿರಣಶೀಲ ಅಯೋಡಿನ್ ಬೆರೆತ ಹಾಲು ಕುಡಿದ ಮಕ್ಕಳಲ್ಲಿ ಈ ರೋಗ ಹೆಚ್ಚಿತು. ಆದುದರಿಂದ ವೈದ್ಯರು ಬೇಡವೆಂದರೂ ಮಕ್ಕಳಿಗೆ ಸಿ.ಟಿ. ಸ್ಕ್ಯಾನ್ ಮಾಡಿಸಿರೆಂದು ಹಟ ಹಿಡಿಯಬಾರದು. ಕುಟುಂಬದಲ್ಲಿ ಯಾರಿಗಾದರೂ ಈ ರೋಗ ಬಂದಿದ್ದರೆ ಅದನ್ನು ವೈದ್ಯರಿಂದ ಮುಚ್ಚಿಡಬಾರದು. ಗಳಗಂಡ ತಡೆಯಲು ಅಯೋಡಿನ್ ಉಪ್ಪೇ ಬೇಕು. ಕಲ್ಲುಪ್ಪು ಕೊಳ್ಳುವವರು ಚೀಲದ ಮೇಲಿನ ಬರಹ ನೋಡಿ ಕೊಳ್ಳಲಿ.

ಹಾಗೆಂದು ಯಾವ ಲಕ್ಷಣವೂ ಇಲ್ಲದವರು ‘ಪ್ಯಾಕೇಜ್’ ತಪಾಸಣೆಯಲ್ಲಿ ಕೊರಳ ಸ್ಕ್ಯಾನ್ ಮಾಡಿಸುವುದು ಬೇಡ. ದಕ್ಷಿಣ ಕೊರಿಯಾದಲ್ಲಿ ಇಂಥ ಸ್ಕ್ಯಾನ್ ರೂಢಿಯಾಗಿ, 1993ರಿಂದ 2011ರೊಳಗೆ ಪತ್ತೆಯಾದ ರೋಗ 15 ಪಟ್ಟಾಯಿತು. ಸಾವು ಮಾತ್ರ ಕಡಿಮೆಯಾಗಲಿಲ್ಲ. ನಿರುಪದ್ರವಿ ಗಂಟಿಗಾಗಿ ಗ್ರಂಥಿ ತೆಗೆಸಿಕೊಂಡವರು ಜೀವಮಾನವಿಡೀ ಮಾತ್ರೆ ನುಂಗಬೇಕಾಯಿತು.

ಆದರೆ ಗಂಟು ಬೆಳೆಯುತ್ತಿದ್ದರೆ, ದನಿ ಒಡೆದು ವಾರಗಟ್ಟಲೆ ಸರಿಹೋಗದಿದ್ದರೆ, ನುಂಗಲು ಕಷ್ಟವಾದರೆ ತಡಮಾಡಬಾರದು. ಮೊದಲು ತಾಲೂಕು ಆಸ್ಪತ್ರೆಗೆ ಹೋಗಬೇಕು. ಅಲ್ಟ್ರಾಸೌಂಡ್, ಸೂಜಿಯ ಪರೀಕ್ಷೆಗಳಿಂದ ಸಂಶಯ ಬಹುಮಟ್ಟಿಗೆ ಪರಿಹಾರವಾಗುತ್ತದೆ. ಮುಂದಿನ ಚಿಕಿತ್ಸೆಗೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆ ದೂರವಿಲ್ಲ.

ಮನೆಬಾಗಿಲಿಗೆ ವೈದ್ಯಕೀಯ ನೆರವು ಒಯ್ಯುವ ತಮಿಳುನಾಡಿನ ಯೋಜನೆ 2021ರ ಆಗಸ್ಟ್ 5ರಂದು ಆರಂಭವಾದದ್ದು ನಮ್ಮ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲೇ. ಆ ಕಾರ್ಯಕರ್ತೆಯರು ಈ ನಾಲ್ಕು ಮಾತುಗಳನ್ನು ನಮ್ಮ ಅಜ್ಜಿಯರಿಗೆ, ಸೊಸೆಯಂದಿರಿಗೆ ಕನ್ನಡದಲ್ಲಿ ಹೇಳುವಂತಾಗಲಿ. ಆಸ್ಪತ್ರೆಗಳಲ್ಲಿ ಕನ್ನಡದ ಕರಪತ್ರ ಸಿಗಲಿ. ತಮಿಳಿನ ಮೇಲೆ ನಮಗೆ ದ್ವೇಷವಿಲ್ಲ. ಆದರೆ ರೋಗದ ಮಾತು ತಾಯ್ನುಡಿಯಲ್ಲಿ ತಿಳಿಯದಿದ್ದರೆ ಹೆದರಿಕೆಯೇ ವೈದ್ಯನಾಗುತ್ತದೆ. ಕಾಸರಗೋಡಿನ ಬಂಧುಗಳಿಗೂ ಈ ಮಾತು ಹೊಸದೇನಲ್ಲ. ಅರ್ಜಿ ಬರೆಯಲು ನಾವು ಉಪಾಧ್ಯಾಯರು ಸಿದ್ಧರಿದ್ದೇವೆ. ಸಹಿ ಹಾಕಲು ಹೆತ್ತವರು ಮುಂದೆ ಬರಲಿ.